ಎಡೆಯ ಲೋಟ

ಬೆಳಗಿನಿಂದ ವೇಣಿ ಸೀಬೆಹಣ್ಣು ಹಿಂಡುತ್ತಿದ್ದಳು, ಆದರೆ ಅವಳ ಗಮನ ಹಣ್ಣಿನ ಮೇಲಿರಲಿಲ್ಲ. ಗಂಡನ ನೀರಿನ ಟ್ಯಾಂಕರು ಬೀದಿಗೆ ತಿರುಗಿದ ಸದ್ದು ಕೇಳಿಸೀತೇ ಎಂದು ಕಿವಿ ಹೊರಗೇ ಇತ್ತು. ಅಂದು ಮಹಾಲಯ ಅಮಾವಾಸ್ಯೆ. ಕುಂದಲಹಳ್ಳಿಯ ಹಳೇ ಊರಿನ ಮನೆಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಮಸಾಲೆ ಹುರಿದ ಘಾಟು ಬೀದಿಯನ್ನೆಲ್ಲ ತುಂಬಿ, ಎದುರಿನ ಪಿಜಿಯಲ್ಲಿದ್ದ ಕಂಪ್ಯೂಟರ್ ಹುಡುಗರು ಕೆಮ್ಮುತ್ತ ಕಿಟಕಿ ಮುಚ್ಚಿಕೊಂಡಿದ್ದರು. ಊರಿಗೆಲ್ಲ ಹಬ್ಬ. ವೇಣಿಗೆ ಮಾತ್ರ ಹಬ್ಬವಿರಲಿಲ್ಲ. ಇವತ್ತು ಸಿದ್ದರಾಜು ಕುಡಿಯುತ್ತಾನೋ ಇಲ್ಲವೋ, ಅದೊಂದೇ ಅವಳ ಚಿಂತೆ.

ಸಿದ್ದರಾಜು ಕುಡಿತ ಬಿಟ್ಟದ್ದು ಶಿವರಾತ್ರಿಯಾದ ಮೇಲೆ. ಬಿಟ್ಟ ಅನ್ನುವುದಕ್ಕಿಂತ ಅವನ ಹೊಟ್ಟೆಯೇ ಬಿಡಿಸಿತು ಅನ್ನುವುದು ಸರಿ. ಜಾಗರಣೆಯ ನೆಪದಲ್ಲಿ ಗೆಳೆಯರ ಜೊತೆ ಕೂತವನು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಾರಿಕೊಂಡಿದ್ದ. ಆಸ್ಪತ್ರೆಯ ಡಾಕ್ಟರು ಅವನಿಗೆ ಏನೂ ಹೇಳದೆ ವೇಣಿಯನ್ನು ಪಕ್ಕಕ್ಕೆ ಕರೆದರು. “ಮೇಡಂ, ಒಂದು ಲೋಟದಿಂದ ಇವರು ಸಾಯಲ್ಲ. ಆದ್ರೆ ಇವರು ಒಂದು ಲೋಟಕ್ಕೆ ನಿಲ್ಲೋರಲ್ಲ. ಅದನ್ನ ನೆನಪಿಟ್ಕೊಳ್ಳಿ” ಅಂದಿದ್ದರು. ಆ ಮಾತನ್ನು ಅವಳು ಅಂದಿನಿಂದ ಮಲಗುವಾಗಲೂ ಏಳುವಾಗಲೂ ನೆನಪಿಟ್ಟುಕೊಂಡಿದ್ದಳು. ಗಂಡ ಟ್ಯಾಂಕರಿನಿಂದ ಇಳಿದು ಬಂದರೆ ಮೊದಲು ಅವನ ಉಸಿರನ್ನು ಮೂಸುವುದು, ಆಮೇಲೆ ಮಾತಾಡಿಸುವುದು. ಅವನಿಗೂ ಅದು ಗೊತ್ತಿತ್ತು. ಒಳಗೆ ಬಂದವನೇ ಬಾಯಿ ತೆರೆದು ಅವಳ ಮುಖಕ್ಕೆ ಉಸಿರು ಬಿಟ್ಟು, “ಪಾಸಾ?” ಎಂದು ಕೇಳಿ ನಗುತ್ತಿದ್ದ.

ಹೀಗೆ ಯುಗಾದಿ ದಾಟಿತು, ವರಮಹಾಲಕ್ಷ್ಮಿ ದಾಟಿತು, ಗಣೇಶನನ್ನು ಕೆರೆಗೆ ಬಿಡುವಾಗ ಊರ ಗಂಡಸರೆಲ್ಲ ತೂರಾಡುತ್ತಿದ್ದರೆ ಸಿದ್ದರಾಜು ಒಬ್ಬನೇ ನೆಟ್ಟಗೆ ನಿಂತಿದ್ದ. ನಂಟರು ಹೊಗಳಿದರು. ಅಷ್ಟೆಲ್ಲ ದಾಟಿ ಬಂದವನಿಗೆ ಈಗ ಎದುರಾದದ್ದು ಸ್ವಂತ ಅಪ್ಪನ ಎಡೆ.

ಅಪ್ಪ ದೊಡ್ಡಮುನಿಯಪ್ಪನಿಗೆ ಒಂದು ಕಾಲದಲ್ಲಿ ಸೀಬೆತೋಟವಿತ್ತು. ಸಂಜೆಯಾದರೆ ತೋಟದ ಕಾವಲು ಗುಡಿಸಲ ಮುಂದೆ ಕೂತು, ಕೆಂಪು ತಿರುಳಿನ ಹಣ್ಣನ್ನು ಹಸಿಮೆಣಸಿನಕಾಯಿ, ಉಪ್ಪು, ಬೆಲ್ಲ ಹಾಕಿ ಒರಳಲ್ಲಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಅದಕ್ಕೆ ಬ್ರಾಂದಿ ಬೆರೆಸಿ ಕುಡಿಯುವುದು ಅವನ ಕ್ರಮ. ಬಂದವರಿಗೂ ಕೊಡುತ್ತಿದ್ದ. ಹಣ್ಣಿನ ಸಿಹಿ, ಮೆಣಸಿನಕಾಯಿಯ ಉರಿ, ಹಿಂದಿನಿಂದ ಬ್ರಾಂದಿ. ಕುಡಿದವರು ಅದನ್ನು ಮರೆಯುತ್ತಿರಲಿಲ್ಲವಂತೆ. ತೋಟ ಹೋಗಿ ಅಲ್ಲೊಂದು ಆಫೀಸು ಎದ್ದಿತು, ದೊಡ್ಡಮುನಿಯಪ್ಪನೂ ಹೋದ. ಕಾಮಾಲೆಯಾಗಿ ಹೋದ ಎಂದು ಮನೆಯಲ್ಲಿ ಹೇಳುವುದು ವಾಡಿಕೆ. ಕಾಮಾಲೆ ಯಾಕಾಯಿತು ಎಂದು ಯಾರೂ ಕೇಳುವುದಿಲ್ಲ.

ಸತ್ತವರಿಗೆ ಬದುಕಿದ್ದಾಗ ಇಷ್ಟವಾಗಿದ್ದನ್ನು ಎಡೆಗೆ ಇಡಬೇಕು. ಆದ್ದರಿಂದ ಪ್ರತಿ ವರ್ಷ ಅನ್ನ, ಮಾಂಸದ ಸಾರು, ಮುದ್ದೆ, ವಡೆಗಳ ಜೊತೆ ಅವನ ದೊಡ್ಡ ಹಿತ್ತಾಳೆ ಲೋಟದಲ್ಲಿ ಆ ಸೀಬೆ ಖಾರವೂ ಬ್ರಾಂದಿ ಸಮೇತ ಫೋಟೋದ ಮುಂದೆ ಇರುತ್ತಿತ್ತು. ಹಿರಿಯರು ಬಂದು ಉಂಡು ಹೋಗಲಿ ಎಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು. ಬಾಗಿಲು ತೆರೆದ ಮೇಲೆ ಹಿರಿಮಗ ಆ ಲೋಟವನ್ನು ಕಣ್ಣಿಗೊತ್ತಿಕೊಂಡು, ತಳದಲ್ಲಿ ಒಂದು ಹನಿ ಉಳಿಸದೆ ಕುಡಿಯಬೇಕು. ಅವನು ಕುಡಿದ ಮೇಲೆಯೇ ಉಳಿದವರಿಗೆ ಎಲೆ.

ಈ ಸಲ ಅದೊಂದನ್ನು ಬಿಡೋಣ ಎಂದು ವೇಣಿ ಹದಿನೈದು ದಿನದಿಂದ ಅತ್ತೆಯ ಹಿಂದೆ ಬಿದ್ದಿದ್ದಳು. ಅತ್ತೆ ಮುನಿಯಕ್ಕ ಮೊದಲು ಕೇಳಿಸದವಳಂತಿದ್ದಳು. ಆಮೇಲೆ ಸಿಡುಕಿದಳು.

“ಅವ್ರು ವರ್ಸಕ್ಕೊಂದ್ ಸಲ ಬರೋದು. ಬಂದೋರು ಬಾಯಾರ್ಕೊಂಡ್ ಓಗ್ಬೇಕಾ? ಆಮ್ಯಾಕೆ ಮನೇಗೆ ಏನಾರ ಎಚ್ಚುಕಮ್ಮಿ ಆದ್ರೆ ನೀನ್ ಬಂದು ನಿಂತ್ಕಂತೀಯಾ?”

“ಬರೀ ಜ್ಯೂಸ್ ಇಡಣ ಅತ್ತೆ. ಸಕ್ಕತ್ತಾಗಿ ಮಾಡ್ತೀನಿ. ಮಾವಂಗೆ ಇಷ್ಟ ಆಗತ್ತೆ.”

“ಬರೀ ಜ್ಯೂಸ್ನ ಅವ್ರು ಒಂದ್ ದಿನಾನಾದ್ರೂ ಕುಡ್ದವ್ರಾ? ಒಂದ್ ಮುಚ್ಚಳ ಆಕನ. ಸಾಸ್ತ್ರಕ್ಕೆ. ಒಂದ್ ಮುಚ್ಚಳದಾಗೆ ಯಾರೂ ಸಾಯಲ್ಲ.”

ಗಂಡನಾದರೂ ಬೇಡ ಅನ್ನಲಿ ಎಂದು ಅವನನ್ನು ಕೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿ, “ಅಪ್ಪಂದು ಕಣೆ. ಅದು ಲೆಕ್ಕಕ್ಕಿಲ್ಲ” ಅಂದ. ಅಮ್ಮನಿಗೆ ಎದುರಾಡಲಾರದೆ ಹೀಗಂದ ಎಂದುಕೊಂಡಳು ವೇಣಿ. ಪಾಪ, ಒಳಗೊಳಗೇ ಎಷ್ಟು ಹೆದರಿದ್ದಾನೋ ಎಂದು ಅವನ ಬೆನ್ನು ಸವರಿದಳು. ಆ ವಾರವೆಲ್ಲ ಅವನು ಹೆಚ್ಚು ಲವಲವಿಕೆಯಿಂದ ಓಡಾಡಿದ್ದನ್ನು ಅವಳು ಗಮನಿಸದೆ ಇರಲಿಲ್ಲ. ಅಪ್ಪನ ಫೋಟೋ ಕೆಳಗಿಳಿಸಿ ಗಾಜು ಒರೆಸಿದ. ಹಿತ್ತಾಳೆ ಲೋಟವನ್ನು ಹುಣಸೆಹುಳಿ ಹಚ್ಚಿ ತಾನೇ ಬೆಳಗಿದ. ಹಣ್ಣು ತರಲು ಮಾಲೂರಿನವರೆಗೆ ಹೋಗಿ, ಕೆಂಪು ತಿರುಳಿನದೇ ಬೇಕೆಂದು ಹುಡುಕಿ ಒಂದು ಚೀಲ ತುಂಬಿಸಿಕೊಂಡು ಬಂದ. ಭಯ ಮರೆಯಲು ಹೀಗೆಲ್ಲ ಮಾಡುತ್ತಿದ್ದಾನೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೆಂಡತಿಯರಿಗೆ ಇಂಥ ಸಮಾಧಾನಗಳು ಬೇಕಾದಷ್ಟು ಸಿಗುತ್ತವೆ.

ಅವಳ ಲೆಕ್ಕಾಚಾರ ಇಷ್ಟು. ಜ್ಯೂಸನ್ನು ಎಷ್ಟು ಚೆನ್ನಾಗಿ ಮಾಡಬೇಕೆಂದರೆ, ಬಂದ ಗಂಡಸರು ಅದರಲ್ಲೇ ಮುಳುಗಿ ಬಾಟಲಿಯನ್ನು ಮರೆಯಬೇಕು. ಎಷ್ಟು ಖಾರ ಹಾಕಬೇಕೆಂದರೆ, ಬ್ರಾಂದಿ ಇದೆಯೋ ಇಲ್ಲವೋ ನಾಲಿಗೆಗೆ ಗೊತ್ತಾಗಬಾರದು. ಹಣ್ಣನ್ನು ಹೋಳು ಮಾಡಿ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿದಳು. ಹೆಚ್ಚು ತಿರುಗಿಸಿದರೆ ಬೀಜ ಪುಡಿಯಾಗಿ ಒಗರು ಬಿಡುತ್ತದೆ. ಹಳೇ ಪಂಚೆಯ ತುಂಡಿನಲ್ಲಿ ಹಾಕಿ ಹಿಂಡಿದಳು. ಗುಲಾಬಿ ಬಣ್ಣದ ಗಟ್ಟಿ ರಸ ಪಾತ್ರೆಗೆ ಇಳಿಯಿತು. ಹಸಿಮೆಣಸಿನಕಾಯಿಯನ್ನು ಶುಂಠಿ, ಪುದೀನ, ಕಲ್ಲುಪ್ಪಿನ ಜೊತೆ ಕುಟ್ಟಿ ಹಾಕಿದಳು. ಬೆಲ್ಲ ಕರಗಿಸಿ ಸೋಸಿದ ನೀರು, ನಿಂಬೆರಸ, ಹುರಿದು ಪುಡಿ ಮಾಡಿದ ಜೀರಿಗೆ ಬಿದ್ದವು. ಒಂದು ಚಮಚ ಬಾಯಿಗೆ ಹಾಕಿಕೊಂಡಾಗ ಮೊದಲು ಹಣ್ಣು ತಿಳಿಯಿತು, ನುಂಗಿದ ಮೇಲೆ ಉರಿ ಕಿವಿಯವರೆಗೆ ಏರಿತು. ಸಾಲದು ಎನಿಸಿ ಇನ್ನಷ್ಟು ಮೆಣಸಿನಕಾಯಿ ಕುಟ್ಟಿದಳು. ಬೆರಳುಗಳೆಲ್ಲ ಉರಿಯುತ್ತಿದ್ದವು. ಆ ಉರಿಯಿಂದ ಒಂದಿಷ್ಟು ಹೊತ್ತು ಚಿಂತೆ ಮರೆತದ್ದೂ ನಿಜ.

ಆಮೇಲೆ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟು, ಒಂದೊಂದರ ಅಂಚಿಗೂ ನಿಂಬೆ ಹೋಳು ಸವರಿ, ಉಪ್ಪು ಮತ್ತು ಬ್ಯಾಡಗಿ ಪುಡಿ ಹರಡಿದ ತಟ್ಟೆಯಲ್ಲಿ ತಲೆಕೆಳಗಾಗಿ ಅದ್ದಿದಳು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಅಂಚಿಗೆ ಕೆಂಪು ಹತ್ತಿದ ಲೋಟಗಳು ಚೆಂದ ಕಂಡವು.

“ಏನತ್ಗೆ, ಸ್ಟಾರ್ ಹೋಟ್ಲು ಮಾಡ್ಬಿಟ್ಟಿದ್ದೀರಾ ಅಡ್ಗೆಮನೇನ?”

ಮುರಳಿ ಒಳಗೆ ಇಣುಕಿದ. ಸಿದ್ದರಾಜುವಿನ ಚಿಕ್ಕಪ್ಪನ ಮಗ, ಅಪಾರ್ಟ್‌ಮೆಂಟುಗಳಿಗೆ ಬ್ರಾಡ್‌ಬ್ಯಾಂಡ್ ಎಳೆಯುವವನು. ಕೆಟ್ಟವನಲ್ಲ, ಎಲ್ಲಿ ಹೋದರೂ ಜೊತೆಗೊಂದು ಬಾಟಲಿ ಇರಬೇಕು, ಅಷ್ಟೇ. ಅವನ ಕೈಯಲ್ಲಿದ್ದ ಕಪ್ಪು ಕವರು ವೇಣಿಯ ಕಣ್ಣಿಗೆ ಬಿತ್ತು.

“ಮುರಳಿ, ಅದನ್ನ ಇವತ್ತು ತೆಗೀಬೇಡಿ. ನಿಮ್ಮಣ್ಣನ ವಿಷ್ಯ ನಿಮ್ಗೆ ಗೊತ್ತಲ್ಲ.”

“ಅಯ್ಯೋ, ಅವ್ನಿಗೆ ಯಾರು ಕೊಡ್ತಾರೆ ಅತ್ಗೆ? ದೊಡ್ಡಪ್ಪಂಗೆ ಒಂದ್ ಮುಚ್ಚಳ, ಅಪ್ಪಂಗೆ ಒಂದ್ ಸ್ವಲ್ಪ, ನಂಗೆ ಒಂದ್ ಸ್ವಲ್ಪ. ನೀವು ಮಾಡಿರೋದಕ್ಕೆ ಬಿದ್ರೆ ತಾನೇ ಅದು ಕಾಕ್‌ಟೇಲ್ ಆಗೋದು” ಎಂದು ಒಂದು ಲೋಟಕ್ಕೆ ರಸ ಬಗ್ಗಿಸಿಕೊಂಡು ಕುಡಿದ. ಕಣ್ಣು ಅರಳಿತು. “ಏನ್ ಗುರು ಇದು. ಸಕ್ಕತ್. ಕಿವೀಲಿ ಹೊಗೆ ಬರ್ತಾ ಇದೆ.”

ಅವನು ಇನ್ನೊಂದು ಲೋಟ ಕೇಳಿದಾಗ ವೇಣಿಗೆ ತುಸು ಧೈರ್ಯ ಬಂತು. ಅಷ್ಟರಲ್ಲಿ ಟ್ಯಾಂಕರು ಬಂದು ನಿಂತ ಸದ್ದಾಯಿತು. ಸಿದ್ದರಾಜು ಒಳಗೆ ಬಂದು, ಎಂದಿನಂತೆ ಅವಳ ಮುಖಕ್ಕೆ ಉಸಿರು ಬಿಡದೆ, ನೇರವಾಗಿ ಸ್ನಾನಕ್ಕೆ ಹೋದ. ಬಂದ ಧೈರ್ಯ ಬಂದ ದಾರಿಯಲ್ಲೇ ಹೋಯಿತು.

ಹೊತ್ತು ಇಳಿಯುವಷ್ಟರಲ್ಲಿ ಚಿಕ್ಕಮಾವ ವೆಂಕಟರಮಣಪ್ಪ ಬಂದು ನಡುಮನೆಯಲ್ಲಿ ಕೂತ. ದೊಡ್ಡಮುನಿಯಪ್ಪನ ತಮ್ಮ, ಮುರಳಿಯ ಅಪ್ಪ. ಮನೆಯಲ್ಲಿ ಈಗ ಅವನೇ ಹಿರಿಯ. ಶಾಸ್ತ್ರ ಅವನು ಹೇಳಿದ ಹಾಗೆ. ಮಕ್ಕಳೆಲ್ಲ ಮಾಳಿಗೆಯ ಮೇಲೆ ಕಾಗೆಗೆ ಅನ್ನ ಇಡಲು ಹೋಗಿದ್ದರು. ಕೋಣೆಯಲ್ಲಿ ಫೋಟೋಗೆ ಹಾರ ಬಿದ್ದಿತ್ತು, ಹೊಸ ಪಂಚೆ ಸೀರೆ ಮಡಿಸಿಟ್ಟಿತ್ತು, ಅಗಲವಾದ ಬಾಳೆ ಎಲೆಯ ಮೇಲೆ ಬಡಿಸಿದ್ದೆಲ್ಲ ಹಬೆಯಾಡುತ್ತಿತ್ತು. ಉಳಿದದ್ದು ಲೋಟ.

ವೇಣಿ ಹಿತ್ತಾಳೆ ಲೋಟದಲ್ಲಿ ಮುಕ್ಕಾಲು ರಸ ತುಂಬಿ ತಂದಳು. ಮುನಿಯಕ್ಕ ಮುರಳಿಯ ಕೈಯಿಂದ ಬಾಟಲಿ ಇಸಿದುಕೊಂಡು ಮುಚ್ಚಳ ತಿರುಗಿಸಿದಳು. ಮುಚ್ಚಳದಲ್ಲಿ ಅಳೆಯುತ್ತಾಳೆ ಎಂದು ವೇಣಿ ನೋಡುತ್ತಿದ್ದರೆ, ಅತ್ತೆ ಬಾಟಲಿಯನ್ನೇ ಬಗ್ಗಿಸಿದಳು. ಗುಳುಗುಳು ಎಂದು ಲೋಟದ ಕಂಠದವರೆಗೆ ಏರಿತು.

“ಅತ್ತೆ, ಮುಚ್ಚಳ ಅಂದಿದ್ರಿ.”

“ಕೈ ನಡುಗ್ತು. ಬಿದ್ದದ್ದು ಬಿತ್ತು. ಅವ್ರ ಪಾಲು ಅವ್ರಿಗೆ.”

ವೇಣಿ ಗಂಡನ ಕಡೆ ನೋಡಿದಳು. ಅವನು ಸ್ನಾನ ಮಾಡಿ ಬಿಳಿ ಪಂಚೆಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಗೋಡೆಗೊರಗಿ ನಿಂತಿದ್ದ. ಕಣ್ಣು ಲೋಟದ ಮೇಲಿತ್ತು. ಅವಳ ಕಡೆ ತಿರುಗಲಿಲ್ಲ.

ಆಗಲೇ ಅವಳಿಗೆ ಅದು ಹೊಳೆದದ್ದು. ಮೊದಲೇ ಯೋಚಿಸಿ ಮಾಡಿದ್ದಲ್ಲ. “ಐಸ್ ಹಾಕಿಲ್ಲ, ತರ್ತೀನಿ” ಎಂದು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲನ್ನು ಕಾಲಿನಿಂದ ದೂಡಿ, ಲೋಟವನ್ನು ಸಿಂಕಿಗೆ ಕವುಚಿ, ನಲ್ಲಿ ತಿರುಗಿಸಿ ತೊಳೆದಳು. ಅವಸರದಲ್ಲಿ ಲೋಟ ಎರಡು ಸಲ ಸಿಂಕಿಗೆ ಬಡಿದು ಠಣ್ ಅಂದಿತು. ಯಾರಾದರೂ ಬಂದರೆ ಏನು ಹೇಳುವುದು? ತಾನು ಮೋಸ ಮಾಡುತ್ತಿರುವುದು ಬದುಕಿರುವವರಿಗಲ್ಲ, ಸತ್ತವರಿಗೆ. ಅದೂ ಮನೆಯ ಹಿರಿಯನಿಗೆ, ಅವನು ಬಾಗಿಲಿಗೆ ಬಂದು ನಿಂತಿರುವ ದಿನ. ತಪ್ಪಾಯ್ತು ಮಾವ, ನಿಮ್ಮ ಮಗನ ಮುಖ ನೋಡಿ ಕ್ಷಮಿಸಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಬರೀ ರಸವನ್ನು ಕಂಠದವರೆಗೆ ತುಂಬಿ ಐಸ್ ಹಾಕಿದಳು. ವಾಸನೆ ಗೊತ್ತಾದರೆ ಎಂಬ ಭಯವಿತ್ತು. ಆದರೆ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಕಣ್ಣು ಬಿಡಲಾಗದಷ್ಟು ತುಂಬಿತ್ತು. ಲೋಟವನ್ನು ಎಲೆಯ ಬಲಕ್ಕೆ ಇಟ್ಟು ಕೈಮುಗಿದಳು. ಫೋಟೋದ ಕಡೆ ನೋಡಲು ಆಗಲಿಲ್ಲ.

ವೆಂಕಟರಮಣಪ್ಪ ಬಾಗಿಲು ಎಳೆದು ಮುಚ್ಚಿದ. ಎಲ್ಲರೂ ನಡುಮನೆಯಲ್ಲಿ ಸದ್ದಿಲ್ಲದೆ ನಿಂತರು. ಒಳಗೆ ಸತ್ತವರು ಉಣ್ಣುತ್ತಿರುವಾಗ ಮಾತಾಡಬಾರದು. ಹೊರಗೆ ರಿಂಗ್ ರೋಡಿನ ಕಡೆಯಿಂದ ಹಾರ್ನುಗಳ ಸದ್ದು ಬರುತ್ತಿತ್ತು. ವೇಣಿಗೆ ಆ ಬಾಗಿಲು ಒಳಗಿನಿಂದ ತಾನಾಗಿ ತೆರೆದುಕೊಂಡು ಮಾವ ಲೋಟ ಹಿಡಿದು ಹೊರಗೆ ಬಂದರೆ ಏನು ಗತಿ ಅನ್ನಿಸಿತು. ಬಂದರೂ ಬರಲಿ, ನೇರವಾಗಿ ಹೇಳುತ್ತೇನೆ ಎಂದೂ ಅನ್ನಿಸಿತು. ಬೆವರಿನಲ್ಲಿ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ಚಿಕ್ಕಮಾವ ಬಾಗಿಲಿಗೆ ಬೆರಳಿನಿಂದ ಕುಟ್ಟಿ, ಕೆಮ್ಮಿ, ತೆರೆದ. ಎಲೆಯ ಮೇಲಿನದು ಇದ್ದ ಹಾಗೇ ಇತ್ತು.

“ಬಾರಪ್ಪಾ ಸಿದ್ದು. ನಿಮ್ಮಪ್ಪಂದು ತಕ್ಕೊ. ಇದು ಕುಡ್ಯಾದಲ್ಲ, ಪ್ರಸಾದ. ಮನಸ್ನಾಗೆ ಏನೂ ಇಟ್ಕಬ್ಯಾಡ.”

ಸಿದ್ದರಾಜು ಮಂಡಿಯೂರಿ ಕೂತು ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕಣ್ಣಿಗೊತ್ತಿಕೊಂಡ. ಒಂದೇ ಗುಟುಕಿಗೆ ಅರ್ಧ ಇಳಿಸಿ, ತಟ್ಟನೆ ನಿಲ್ಲಿಸಿದ. ಲೋಟದ ಒಳಗೆ ನೋಡಿದ. ಖಾರ ನೆತ್ತಿಗೇರಿತು ಎಂದುಕೊಂಡು ಮುರಳಿ ನಕ್ಕ. ಸಿದ್ದರಾಜು ನಗಲಿಲ್ಲ, ಉಳಿದದ್ದನ್ನು ನಿಧಾನಕ್ಕೆ ಕುಡಿದು ಲೋಟವನ್ನು ಕೆಳಗಿಟ್ಟ. ಹನಿ ಉಳಿದಿರಲಿಲ್ಲ.

ಗೆದ್ದೆ ಎಂದುಕೊಂಡಳು ವೇಣಿ. ಶಾಸ್ತ್ರವೂ ಮುಗಿಯಿತು, ಗಂಡನೂ ಉಳಿದ. ಇನ್ನು ಊಟ ಬಡಿಸಿ ಇವರನ್ನೆಲ್ಲ ಕಳಿಸಿದರಾಯಿತು. ಬೆಳಗಿನಿಂದ ಮೊದಲ ಸಲ ಅವಳಿಗೆ ಹಸಿವೆಯಾಯಿತು. ರಸ ತುಂಬಿದ ಕೆಂಪು ಅಂಚಿನ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಡುಮನೆಗೆ ಬಂದಳು. ಚಿಕ್ಕಮಾವ ಮೀಸೆಗೆ ಹತ್ತಿದ ಖಾರ ಒರೆಸಿಕೊಳ್ಳುತ್ತ, “ನಮ್ಮಣ್ಣ ಮಾಡ್ದಂಗೆ ಐತಲ್ಲವ್ವ” ಅಂದ. ಮುರಳಿ ತನ್ನ ಲೋಟಕ್ಕೆ ಬ್ರಾಂದಿ ಬೆರೆಸಿಕೊಂಡ, ಅಪ್ಪನದಕ್ಕೂ ಬೆರೆಸಿದ. ವೇಣಿ ಗಂಡನ ಕೈಗೆ ಬರೀ ರಸದ ಲೋಟ ಕೊಟ್ಟಳು.

“ಮುರಳಿ, ನಂಗೂ ಹಾಕು.”

ಸಿದ್ದರಾಜು ತನ್ನ ಲೋಟವನ್ನು ಮುಂದೆ ಚಾಚಿದ್ದ. ದನಿ ಸಾದಾ ಇತ್ತು, ಉಪ್ಪು ಕೇಳುವವನ ಹಾಗೆ.

ಮುರಳಿ ವೇಣಿಯ ಕಡೆ ನೋಡಿದ, ಅಪ್ಪನ ಕಡೆ ನೋಡಿದ. “ಬೇಡ ಕಣೋ ಮಗಾ” ಅಂದ.

“ಎಡೆ ಲೋಟ ಕುಡ್ದಾಯ್ತಲ್ಲ. ಕಟ್ಟು ಮುರ್ದಾಯ್ತು. ಇನ್ನೊಂದು ಕುಡುದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಹಾಕು.”

“ಓಗ್ಲಿ ಆಕ್ಲ, ಅಬ್ಬದ ದಿನ” ಅಂದ ವೆಂಕಟರಮಣಪ್ಪ. “ಎಂಗೂ ಬಾಯಿಗೆ ಬಿತ್ತು. ನಾಳೆಯಿಂದ ಮತ್ತೆ ಕಟ್ಟುನಿಟ್ಟಾಗಿರ್ತಾನೆ.”

ಮುರಳಿಯ ಕೈ ಅನುಮಾನಿಸುತ್ತಲೇ ಬಗ್ಗಿತು. ಗುಲಾಬಿ ರಸದೊಳಗೆ ಬ್ರಾಂದಿ ಎಳೆಯೆಳೆಯಾಗಿ ಇಳಿಯುವುದು ವೇಣಿಗೆ ಕಂಡಿತು. ಹೇಳಿದರೆ ಈ ಮನೆಯಲ್ಲಿ ತನ್ನ ಗತಿ ಏನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಂಟರ ಬಾಯಲ್ಲಿ, ಬೀದಿಯ ಬಾಯಲ್ಲಿ, ಸತ್ತ ಮಾವನಿಗೆ ಮೋಸ ಮಾಡಿದ ಸೊಸೆ ಎಂದು ಸಾಯುವವರೆಗೆ ಅನ್ನಿಸಿಕೊಳ್ಳಬೇಕು. ನಾಳೆ ಯಾವ ಮಗುವಿಗೆ ಜ್ವರ ಬಂದರೂ ಅದು ಇವಳ ತಲೆಗೇ ಬರುತ್ತದೆ. ಹೇಳದಿದ್ದರೆ ಆ ಲೋಟ ಗಂಡನ ಬಾಯಿಗೆ ಹೋಗುತ್ತದೆ.

“ಏನೂ ಮುರಿದಿಲ್ಲ” ಅಂದಳು ವೇಣಿ. ದನಿ ತನ್ನದಲ್ಲ ಅನ್ನಿಸಿತು. “ಎಡೆ ಲೋಟದಲ್ಲಿ ಬ್ರಾಂದಿ ಇರ್ಲಿಲ್ಲ. ನಾನು ಚೆಲ್ಬಿಟ್ಟೆ. ಬರೀ ಜ್ಯೂಸ್ ಇಟ್ಟೆ. ನೀನು ಕುಡ್ದಿದ್ದು ಬರೀ ಜ್ಯೂಸ್. ಶಿವರಾತ್ರಿಯಿಂದ ಇವತ್ತಿನ ತನಕ ನೀನು ಒಂದು ತೊಟ್ಟೂ ಮುಟ್ಟಿಲ್ಲ.”

ವೆಂಕಟರಮಣಪ್ಪ ಎದ್ದು ನಿಂತ. “ಹಿರಿಯರ್ ಪಾಲಿಗೆ ಕೈ ಆಕದಾ? ಏನವ್ವ ಇದು ನೀನ್ ಮಾಡಿದ್ದು?” ಅಂದ. ಸಿದ್ದರಾಜು ಲೋಟ ಹಿಡಿದೇ ಕೂತಿದ್ದ. ಆಶ್ಚರ್ಯವಾದವನ ಹಾಗೆ ಕಾಣಲಿಲ್ಲ.

ಮುನಿಯಕ್ಕ ಮೂಲೆಯಲ್ಲಿ ಕೂತಿದ್ದವಳು ಗೋಡೆ ಹಿಡಿದು ಎದ್ದಳು. ವೇಣಿ ಹಿಂದೆ ಸರಿದಳು, ಹೊಡೆದರೂ ಹೊಡೆಯಬಹುದು ಎಂದುಕೊಂಡು. ಆದರೆ ಅತ್ತೆ ಅವಳನ್ನು ದಾಟಿಕೊಂಡು ಮುರಳಿಯ ಹತ್ತಿರ ಹೋಗಿ ಬಾಟಲಿ ಕಿತ್ತುಕೊಂಡಳು. ಸೀದಾ ಕೋಣೆಗೆ ಹೋದಳು. ಅವಳ ಹಿಂದೆಯೇ ಎಲ್ಲರೂ ಬಾಗಿಲಿಗೆ ಬಂದು ನಿಂತರು.

ಫೋಟೋದ ಮುಂದೆ ನಿಂತು ಮುನಿಯಕ್ಕ ಬಾಟಲಿಯನ್ನು ಎಲೆಯ ಮೇಲೆ ಬಗ್ಗಿಸಿದಳು. ಅನ್ನದ ಮೇಲೆ, ಮುದ್ದೆಯ ಮೇಲೆ, ಮಾಂಸದ ಮೇಲೆ ಬ್ರಾಂದಿ ಸುರಿಯಿತು. ಎಲೆ ತುಂಬಿ ಅಂಚು ದಾಟಿ ನೆಲಕ್ಕೆ ಹರಿದು, ಹೊಸ ಪಂಚೆಯ ಮಡಿಕೆ ತೋಯಿತು. ವೆಂಕಟರಮಣಪ್ಪ “ಅತ್ಗೆ, ಅತ್ಗೆ” ಅನ್ನುತ್ತಲೇ ಇದ್ದ. ಅವಳಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.

“ಕುಡಿ” ಅಂದಳು ಫೋಟೋಗೆ. “ಪೂರ್ತಿ ಕುಡಿ. ಬದುಕಿದ್ದಾಗ ಬ್ಯಾಡ ಅನ್ನಕ್ಕೆ ನಂಗೆ ಬಾಯಿರ್ಲಿಲ್ಲ. ಸತ್ತ ಮ್ಯಾಕೂ ವರ್ಸ ವರ್ಸ ನನ್ ಕೈಯಾರೆ ಉಯ್ದೆ. ಇವತ್ತು ಎಲ್ಲಾ ನೀನೇ ಕುಡ್ಕೊ. ನನ್ ಮಗನ್ನ ಬಿಡು.”

ಬಾಟಲಿ ಖಾಲಿಯಾಯಿತು. ಅವಳು ತಿರುಗಿ, ಮಗನ ಮುಂದೆ ಕೈ ಚಾಚಿದಳು.

“ಅದ್ನೂ ಕೊಡು. ಅದೂ ಅವರ್ದೇಯ.”

ಸಿದ್ದರಾಜು ಕೊಡಲಿಲ್ಲ. ಲೋಟದ ಅಂಚಿನ ಕೆಂಪು ಪುಡಿ ಅವನ ಬೆರಳಿಗೆ ಅಂಟಿತ್ತು. ಅವನು ಅಮ್ಮನ ಅಂಗೈ ನೋಡಿದ, ಲೋಟ ನೋಡಿದ. ಕುಡಿದುಬಿಡಲು ಒಂದು ಕ್ಷಣ ಸಾಕಾಗಿತ್ತು. ಅಲ್ಲಿದ್ದ ಯಾರೂ ತಡೆಯುವಷ್ಟು ಹತ್ತಿರ ಇರಲಿಲ್ಲ. ಮುದುಕಿಯ ಚಾಚಿದ ಕೈ ನೋವಾಗಿ ಕೆಳಗಿಳಿಯತೊಡಗಿತು, ಅವಳು ಅದನ್ನು ಮತ್ತೆ ಎತ್ತಿ ಹಿಡಿದಳು. ಆಗ ಅವನು ಲೋಟವನ್ನು ಆ ಕೈಗೆ ಇಟ್ಟ.

ಅದನ್ನೂ ಎಲೆಯ ಮೇಲೆ ಸುರಿದು, “ಈ ಎಡೇನ ಯಾರೂ ಮುಟ್ಬ್ಯಾಡಿ” ಎಂದು ಎಲ್ಲರಿಗೂ ಹೇಳಿದಳು ಮುನಿಯಕ್ಕ. ಹೊರಗೆ ಬರುವಾಗ ವೇಣಿಯ ಮುಂದೆ ನಿಂತಳು. “ನಿನ್ತಾವ ಆಮ್ಯಾಕೆ ಮಾತಾಡ್ತೀನಿ. ಈಗ ಬಂದೋರಿಗೆ ಎಲೆ ಆಕು.” ಆ ಮಾತಿನಲ್ಲಿ ಸಿಟ್ಟಿತ್ತು, ಸಿಟ್ಟೊಂದೇ ಇರಲಿಲ್ಲ.

ವೇಣಿ ಅಡುಗೆಮನೆಗೆ ಹೋಗಿ ಕಟ್ಟೆಗೆ ಕೈಯೂರಿ ನಿಂತಳು. ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಸಿದ್ದರಾಜು ಬಂದು ಬಾಗಿಲ ಪಕ್ಕ ಅಕ್ಕಿ ಡಬ್ಬದ ಮೇಲೆ ಕೂತ.

“ಕೋಪ ಬಂತಾ?” ಎಂದು ಕೇಳಿದಳು, ತಿರುಗದೆ.

“ಮೊದ್ಲ ಗುಟುಕಿಗೇ ಗೊತ್ತಾಯ್ತು ಕಣೆ.”

ಅವಳು ತಿರುಗಿದಳು.

“ಇಷ್ಟು ವರ್ಷ ಕುಡ್ದಿರೋನಿಗೆ ಗೊತ್ತಾಗಲ್ವಾ? ನೀನು ಎಷ್ಟು ಖಾರ ಹಾಕಿದ್ರೂ ಗೊತ್ತಾಗತ್ತೆ.”

“ಗೊತ್ತಾದ್ಮೇಲೂ ಮುರಳೀನ ಯಾಕ್ ಕೇಳ್ದೆ?”

“ಅದ್ರಲ್ಲಿ ಇರ್ಲಿಲ್ವಲ್ಲ. ಅದಕ್ಕೇ ಕೇಳ್ದೆ.”

ಅವನು ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ. ಮಾತು ನಿಂತು ನಿಂತು ಬಂತು.

“ಇಷ್ಟ್ ದಿನ ಹೆಂಗೆ ತಡ್ಕೊಂಡೆ ಅನ್ಕೊಂಡಿದ್ದೀಯ? ಡಾಕ್ಟ್ರಿಗೆ ಹೆದ್ರಿ ಅಲ್ಲ. ನಿನ್ ಮುಖ ನೋಡಿನೂ ಅಲ್ಲ, ಸುಳ್ಳು ಯಾಕೆ ಹೇಳ್ಲಿ. ದಿನಾ ಸಾಯಂಕಾಲ ಗಾಡಿ ನಿಲ್ಸಿದ ತಕ್ಷಣ ಒಳಗೆ ಹಿಂಡಕ್ಕೆ ಶುರುವಾಗೋದು. ಆಗ ಅನ್ಕೊಳ್ಳೋನು, ಪಕ್ಷದ ಹಬ್ಬ ಬರತ್ತೆ, ಅಪ್ಪನ ಲೋಟ ಒಂದಿದೆ, ಅದು ಲೆಕ್ಕಕ್ಕಿಲ್ಲ, ಅದನ್ನ ಯಾರೂ ಬೇಡ ಅನ್ನಂಗಿಲ್ಲ ಅಂತ. ಅಲ್ಲಿ ತನಕ ತಡ್ಕೊ ಅಂತ. ಅದೊಂದನ್ನ ಹಿಡ್ಕೊಂಡು ಬಂದೆ ಇಲ್ಲಿ ತನಕ.”

ವೇಣಿಗೆ ಈಗ ಅರ್ಥವಾಯಿತು. ಲೋಟ ಬೆಳಗಿದ್ದು, ಹಣ್ಣಿಗಾಗಿ ಅಲೆದದ್ದು, ಗೋಡೆಯ ಕಡೆ ತಿರುಗಿ ಮಲಗಿದ್ದು, ಒಂದೂ ಭಯದಿಂದ ಆಗಿರಲಿಲ್ಲ. ತಾನು ಯಾವುದರಿಂದ ಅವನನ್ನು ಕಾಪಾಡಬೇಕೆಂದು ಒದ್ದಾಡಿದಳೋ ಅದನ್ನೇ ಎದುರು ನೋಡಿಕೊಂಡು ಅವನು ಬದುಕಿದ್ದ. ಅದನ್ನು ಅವಳು ಸಿಂಕಿಗೆ ಸುರಿದಿದ್ದಳು, ಉಳಿದದ್ದನ್ನು ಅತ್ತೆ ಎಲೆಗೆ ಸುರಿದಿದ್ದಳು.

“ಇನ್ಮೇಲೆ ಅಮ್ಮ ಆ ಲೋಟ ಇಡಲ್ಲ” ಅಂದ ಸಿದ್ದರಾಜು. “ನಾಳೆ ಸಾಯಂಕಾಲ ಗಾಡಿ ನಿಲ್ಸಿದ್ಮೇಲೆ ನಾನು ಏನಂತ ಅನ್ಕೊಳ್ಲಿ? ನೀನೇ ಹೇಳು.”

ಅವನು ಜಗಳಕ್ಕೆ ಕೇಳಿರಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಕುಡಿತದ ಬಗ್ಗೆ ಅವನು ಅವಳ ಎದುರು ಸುಳ್ಳಿಲ್ಲದೆ ಆಡಿದ ಮೊದಲ ಮಾತು ಅದು. ಮೂಸಿ ನೋಡಿ ತಿಳಿದುಕೊಳ್ಳುವಂಥದ್ದಾಗಿರಲಿಲ್ಲ. ಉತ್ತರಕ್ಕಾಗಿ ಅವಳು ತಡಕಾಡಿದಳು. ಮಕ್ಕಳ ಹೆಸರು ಬಾಯಿಗೆ ಬಂತು, ದೇವರ ಹೆಸರು ಬಂತು, ಆಸ್ಪತ್ರೆಯೂ ಬಂತು. ಯಾವುದೂ ಅವನ ಸಂಜೆಗೆ ಸಾಲುವಂತೆ ಕಾಣಲಿಲ್ಲ.

“ನಂಗೂ ಗೊತ್ತಿಲ್ಲ” ಅಂದಳು.

ನಡುಮನೆಯಿಂದ ಮುರಳಿ ಎಲೆ ಹಾಕಿ ಆಯಿತೆಂದು ಕೂಗಿದ. ಚಿಕ್ಕಮಾವನ ಗೊಣಗಾಟವೂ ಕೇಳಿಸಿತು. ವೇಣಿ ಓಗೊಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ನಾಳೆ ಸಂಜೆ ಟ್ಯಾಂಕರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಳು, ಅವನು ಹೇಳಿದ.

“ಮನೆಗೆ ಬರೋ ಮೊದ್ಲು ಎಲ್ಲಿ ನಿಲ್ಲಿಸ್ತೀಯಾ?”

“ಬೋರ್‌ವೆಲ್ ಹತ್ರ.”

“ಅಲ್ಲಿಗೆ ಬರ್ತೀನಿ” ಅಂದಳು ವೇಣಿ.